ನಮ್ಮೂರ ಸೋಮವಾರಪ್ಪ

ಸೋಮವಾರಪ್ಪನವರನ್ನು ಸೋಮಾರಿ ಎನ್ನುವವರು ಅವರನ್ನು ಸರಿಯಾಗಿ ನೋಡಿಲ್ಲ. ತೂಕ ಇಳಿಸುವ ವಿಷಯದಲ್ಲಿ ಅವರಷ್ಟು ಉತ್ಸಾಹಿ ಇಡೀ ಹೊಸಪೇಟೆಯಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ. ವಯಸ್ಸು ಐವತ್ತರ ಆಚೀಚೆ, ಬಜಾರಿನಲ್ಲಿ ನಟ್ಟು ಬೋಲ್ಟಿನ ಅಂಗಡಿ, ಅಂಗಿಯ ಕೆಳಗಿನಿಂದ ಎರಡನೆಯ ಗುಂಡಿಗೆ ಸದಾ ಪ್ರಾಣಸಂಕಟ. ಈ ಹೆಸರು ತಂದೆತಾಯಿ ಇಟ್ಟದ್ದಲ್ಲ, ಓಣಿಯವರು ಇಟ್ಟದ್ದು. ಯಾರು ಹೊಟ್ಟೆಯ ಸುದ್ದಿ ಎತ್ತಿದರೂ ಅವರ ಉತ್ತರ ಒಂದೇ: “ಬರೋ ಸೋಮವಾರದಿಂದ ನೋಡ್ರೀ.” ಎಷ್ಟೋ ಸೋಮವಾರಗಳು ಬಂದವು, ನಾವೂ ನೋಡಿದೆವು.

ಹಾಗೆಂದು ಎಲ್ಲ ಸೋಮವಾರವೂ ಆಗಿಬರುವುದಿಲ್ಲ. ಅಮಾವಾಸ್ಯೆ ಬಿದ್ದಿದ್ದರೆ ಬೇಡ. ಆಷಾಢದಲ್ಲಿ ಯಾರಾದರೂ ಒಳ್ಳೆ ಕೆಲಸ ಶುರು ಮಾಡುತ್ತಾರೆಯೇ? ಶ್ರಾವಣವೇನೋ ಪ್ರಶಸ್ತ, ಆದರೆ ಶ್ರಾವಣ ಸೋಮವಾರ ಉಪವಾಸ. ಉಪವಾಸವೆಂದರೆ ನಮ್ಮ ಕಡೆ ಸಾಬೂದಾಣಿ ಉಪ್ಪಿಟ್ಟು, ಶೇಂಗಾ ಉಂಡೆ, ಬಾಳೆಹಣ್ಣು, ಮೇಲೊಂದು ದೊಡ್ಡ ಲೋಟ ಹಾಲು. ಊಟದ ದಿನವೇ ವಾಸಿ. ಇನ್ನು ಬೇಸಿಗೆ. ಬಳ್ಳಾರಿ ಸೀಮೆಗೆ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಹಳೆಯ ಮಾತನ್ನು ಸೋಮವಾರಪ್ಪ ಹವಾಮಾನ ಇಲಾಖೆಯ ಪ್ರಕಟಣೆಯೆಂದೇ ನಂಬಿದ್ದಾರೆ.

ಇದು ಅವರೊಬ್ಬರ ಹುಚ್ಚಲ್ಲ. 2014ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇದನ್ನೇ ಕೆದಕಿ ನೋಡಿದರು. ವಾರದ ಆರಂಭ, ತಿಂಗಳ ಆರಂಭ, ಹೊಸ ವರ್ಷ, ಹುಟ್ಟುಹಬ್ಬ ಕಳೆದ ಮೊದಲ ದಿನಗಳು: ಇಂಥ ಹೊತ್ತಿನಲ್ಲೇ ಜನ ಇಂಟರ್ನೆಟ್ಟಿನಲ್ಲಿ ಡಯಟ್ ಹುಡುಕುವುದು, ಜಿಮ್ಮಿನ ಬಾಗಿಲು ತಟ್ಟುವುದು ಹೆಚ್ಚು. ಹಳೆಯ ತಪ್ಪೆಲ್ಲ ಹಳೆಯ ಮನುಷ್ಯನ ಖಾತೆಗೆ ಹೋಗಿ, ಹೊಸ ಮನುಷ್ಯ ಕೈ ತೊಳೆದುಕೊಂಡು ನಿಲ್ಲುತ್ತಾನಂತೆ. ಮಗಳು ಇದನ್ನು ಓದಿ ಹೇಳಿದಾಗ ಸೋಮವಾರಪ್ಪ ಎದೆಯುಬ್ಬಿಸಿದರು. “ನೋಡು, ಸೈಂಟಿಸ್ಟರೂ ಸೋಮವಾರ ಅಂತಾರ.” ಮಂಗಳವಾರದ ಬಗ್ಗೆ ಸೈಂಟಿಸ್ಟರು ಏನಂತಾರೆ ಎಂದು ಆಕೆ ಕೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

ಸೋಮವಾರದ ಹಿಂದಿನ ದಿನ ಭಾನುವಾರವಲ್ಲವೆ? ಅದು ಬೀಳ್ಕೊಡುಗೆ ಸಮಾರಂಭ. ಬೆಳಿಗ್ಗೆ ಒಗ್ಗರಣಿ ಮಿರ್ಚಿ. ಮಂಡಕ್ಕಿಗೆ ಈರುಳ್ಳಿ, ಹುಣಸೆಹುಳಿ, ಪುಟಾಣಿ ಪುಡಿ ಬಿದ್ದು ಘಮಘಮ ಎನ್ನುವಾಗ, ಪಕ್ಕದ ಬಾಣಲೆಯಲ್ಲಿ ಮಿರ್ಚಿ ಉಬ್ಬುವಾಗ ಮನಸ್ಸು ಗಟ್ಟಿ ಮಾಡಿಕೊಂಡವರನ್ನು ನಾನಂತೂ ಕಂಡಿಲ್ಲ. “ಇನ್ನೆರಡು ಹಾಕು ತಮ್ಮಾ, ನಾಳಿಂದ ಹೆಂಗೂ ಬಿಡೋದೈತಿ.” ಮಧ್ಯಾಹ್ನ ಹೋಳಿಗೆಗೆ ವಿದಾಯ, ರಾತ್ರಿ ಪೂರಿಗೆ. ನಡುವೆ ಬಜಾರು ಸುತ್ತಿ ಖರೀದಿ: ಬೂಟು, ಬೆವರು ಹೀರುವ ಬನಿಯನ್ನು, ಹೆಜ್ಜೆ ಎಣಿಸುವ ಗಡಿಯಾರ, ಓಟ್ಸಿನ ಡಬ್ಬಿ, ಗ್ರೀನ್ ಟೀ, ಅಡಿಗೆಮನೆಗೊಂದು ಪುಟ್ಟ ತಕ್ಕಡಿ. ಜಿಮ್ಮಿಗೆ ಒಂದು ತಿಂಗಳ ಫೀ ಕಟ್ಟುವುದು ನಷ್ಟ, ವರ್ಷದ್ದಾದರೆ ರಿಯಾಯಿತಿ, ಆದ್ದರಿಂದ ವರ್ಷದ್ದನ್ನೇ ಕಟ್ಟಿದ್ದಾರೆ. ವಾಪಸು ಬರುವಾಗ ಅಪ್ಪು ಪ್ರತಿಮೆಯ ಮುಂದೆ ನಿಂತು ಕೈಮುಗಿದು, ವಾಟ್ಸಾಪಿನ ಅಷ್ಟೂ ಗುಂಪುಗಳಿಗೆ ತಮ್ಮ ಸಂಕಲ್ಪ ಕಳಿಸುತ್ತಾರೆ. ಹೆಬ್ಬೆರಳುಗಳು, ಚಪ್ಪಾಳೆಗಳು, “ಸೂಪರ್ ಅಣ್ಣಾ”ಗಳು ಬಂದು ಬೀಳುತ್ತವೆ. ಹತ್ತು ಕೆಜಿ ಇಳಿಸಿದವನಿಗೆ ಸಿಗಬೇಕಾದ ಸನ್ಮಾನ ಹಿಂದಿನ ರಾತ್ರಿಯೇ ಸಂದಾಯವಾಗಿ ಹೋಗುತ್ತದೆ. ಆಮೇಲೆ ಇಳಿಸಬೇಕಾದ ಜರೂರಾದರೂ ಏನು?

ಆದರೂ ಸೋಮವಾರ ಏಳುತ್ತಾರೆ, ಸುಳ್ಳು ಹೇಳಬಾರದು. ಕತ್ತಲಿರುವಾಗಲೇ ಜಿಲ್ಲಾ ಕ್ರೀಡಾಂಗಣ, ಬುಧವಾರ ಜೋಳದರಾಶಿ ಗುಡ್ಡ, ಶುಕ್ರವಾರ ಕಾಲುವೆ ಏರಿ. ಹತ್ತು ಸಾವಿರ ಹೆಜ್ಜೆ ಆಗುವವರೆಗೆ ಮನೆಗೆ ಬರುವುದಿಲ್ಲ. ಈ ಹತ್ತು ಸಾವಿರದ ಲೆಕ್ಕ ಯಾವ ವೈದ್ಯರು ಬರೆದುಕೊಟ್ಟದ್ದೂ ಅಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಹೊಸತರಲ್ಲಿ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಇಟ್ಟ ಹೆಸರಿನಲ್ಲಿ ಇದ್ದ ಸಂಖ್ಯೆ ಅದು. ಅದು ಹೇಗೋ ಸಮುದ್ರ ದಾಟಿ ಬಂದು ಸೋಮವಾರಪ್ಪನವರ ಮಣಿಕಟ್ಟಿನ ಮೇಲೆ ಕುಳಿತಿದೆ. ಒಂಬತ್ತು ಸಾವಿರದ ಎಂಟುನೂರಾದಾಗ ಮನೆ ಬಂದರೆ ಅಂಗಳದಲ್ಲಿ ಕೈ ಬೀಸುತ್ತ ನಿಲ್ಲುತ್ತಾರೆ. ಗಡಿಯಾರ ಪಾಪ, ಕೈಗೂ ಕಾಲಿಗೂ ಭೇದ ಎಣಿಸುವುದಿಲ್ಲ.

ಮೊದಲ ವಾರ ಎರಡು ಕೆಜಿ ಇಳಿಯಿತು. ಆ ಶನಿವಾರ ಅಂಗಡಿಯಲ್ಲಿ ಪೇಢೆ ಹಂಚಿದರು. ಆಗ ಇಳಿದದ್ದರಲ್ಲಿ ಬಹುಪಾಲು ನೀರು ಎಂದು ಅವರಿಗೆ ಹೇಳುವ ಧೈರ್ಯ ಯಾರಿಗಿತ್ತು? ಊಟ ಕಡಿಮೆಯಾದಾಗ ದೇಹ ಮೊದಲು ಕೈಹಾಕುವುದು ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಕೂಡಿಟ್ಟ ಗ್ಲೈಕೋಜನ್ನಿಗೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅದು ಖಾಲಿಯಾಗುವಾಗ ತಕ್ಕಡಿ ಗಡಗಡ ಇಳಿಯುತ್ತದೆ. ಬೊಜ್ಜಿನ ಸರದಿ ಬಂದಾಗ ಗಡಗಡ ನಿಂತು ಹೋಗುತ್ತದೆ. ಒಂದು ಕೆಜಿ ಬೊಜ್ಜೆಂದರೆ ಸುಮಾರು 7,700 ಕ್ಯಾಲೊರಿ. ಸೋಮವಾರಪ್ಪನವರ ಗಾತ್ರದ ಮನುಷ್ಯ ಒಂದು ತಾಸು ಬಿರುಸಾಗಿ ನಡೆದರೆ ಮುನ್ನೂರರ ಸುಮಾರು ಕರಗೀತು. ಬರೀ ನಡಿಗೆಯಿಂದಲೇ ಒಂದು ಕೆಜಿ ಇಳಿಸಬೇಕಾದರೆ ಇಪ್ಪತ್ತೈದು ತಾಸಿಗೂ ಹೆಚ್ಚು! ವ್ಯಾಪಾರಿ ಮನುಷ್ಯನಿಗೆ ಇದು ಯಾವ ಲೆಕ್ಕದಲ್ಲೂ ಗಿಟ್ಟುವ ಧಂದೆಯಲ್ಲ. ಎರಡನೆಯ ವಾರ ಮುಳ್ಳು ಅಲ್ಲಾಡಲಿಲ್ಲ. ಮೂರನೆಯ ವಾರ ಮುನ್ನೂರು ಗ್ರಾಂ ಏರಿತು. ಸೋಮವಾರಪ್ಪ ತಕ್ಕಡಿ ಬದಲಿಸಿದರು.

ನಿಜವಾಗಿ ಅವರನ್ನು ಕೆಡಿಸಿದ್ದು ತಕ್ಕಡಿಯಲ್ಲ, ಹಂಪಿ. ಬೇರೆ ಊರಿನ ದಪ್ಪಗಿನವರಿಗೆ ಇಲ್ಲದ ಅನುಕೂಲ ನಮ್ಮವರಿಗಿದೆ: ಅರ್ಧ ತಾಸೂ ಬೇಡದ ದಾರಿಯಲ್ಲಿ ಒಂದು ಸಾಮ್ರಾಜ್ಯವೇ ಅವರ ಪರವಾಗಿ ಸಾಕ್ಷಿ ನುಡಿಯುತ್ತದೆ. ವಿಠ್ಠಲ ದೇವಾಲಯದ ಹತ್ತಿರದ ತುಲಾಭಾರ ಮಂಟಪದ ಕೆಳಗೆ ನಿಂತು ಸೋಮವಾರಪ್ಪ ನೆಂಟರಿಗೆ ವಿವರಿಸುವುದನ್ನು ಕೇಳಬೇಕು. ಎರಡು ಕಲ್ಲುಕಂಬ, ಮೇಲೊಂದು ಅಡ್ಡತೊಲೆ. ಹಬ್ಬ, ಗ್ರಹಣದಂಥ ದಿನ ಅರಸರು ಇಲ್ಲಿ ಬಂಗಾರ, ರತ್ನಗಳಿಗೆ ಸಮನಾಗಿ ತೂಗಿಸಿಕೊಂಡು ಅದನ್ನು ದಾನ ಮಾಡುತ್ತಿದ್ದರೆಂದು ಹೇಳಿಕೆ. “ಅಂದ್ರೇನಾತು? ರಾಜ ಎಷ್ಟು ದಪ್ಪ ಇದ್ರೆ ಪ್ರಜೆಗಳಿಗೆ ಅಷ್ಟು ಲಾಭ. ಆಗಿನ ಕಾಲದಾಗ ಡಯಟ್ ಅಂದ್ರೆ ಬಡವರ ಅನ್ನ ಕಸಿದಂಗ!”

ಕೃಷ್ಣದೇವರಾಯರ ಮಾತು ಬಂದರಂತೂ ಅವರನ್ನು ಹಿಡಿಯುವವರಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ರಾಯರ ದಿನಚರಿ ಬರೆದಿಟ್ಟಿದ್ದಾನೆ. ನಸುಕು ಹರಿಯುವ ಮುಂಚೆ ಮುಕ್ಕಾಲು ಪೈಂಟಿನಷ್ಟು ಎಳ್ಳೆಣ್ಣೆ ಕುಡಿಯುವುದು, ಮೈಗೂ ಅದನ್ನೇ ಬಳಿದುಕೊಳ್ಳುವುದು, ಮಣ್ಣಿನಲ್ಲಿ ಮಾಡಿದ ಭಾರಗಳನ್ನು ಎತ್ತುವುದು, ಕತ್ತಿ ಬೀಸುವುದು, ಎಣ್ಣೆಯೆಲ್ಲ ಬೆವರಾಗಿ ಹರಿಯುವವರೆಗೂ ಬಿಡದಿರುವುದು. ಅಷ್ಟಾದ ಮೇಲೆ ಜಟ್ಟಿಯೊಬ್ಬನೊಡನೆ ಕುಸ್ತಿ. ಅದೂ ಮುಗಿದ ಮೇಲೆ ಬೆಳಗಾಗುವವರೆಗೆ ಬಯಲಿನಲ್ಲಿ ಕುದುರೆ ಸವಾರಿ. ಇಷ್ಟೆಲ್ಲ ಮಾಡುತ್ತಿದ್ದ ರಾಯರು ನೋಡಲು ಹೇಗಿದ್ದರು? ಮಧ್ಯಮ ಎತ್ತರ, ಒಳ್ಳೆಯ ಮೈಕಟ್ಟು, ತೆಳ್ಳಗೆ ಎನ್ನುವುದಕ್ಕಿಂತ ದಪ್ಪವೇ ಎಂದು ಅದೇ ಪಾಯೆಸ್ ಹೇಳುತ್ತಾನೆ.

ಸೋಮವಾರಪ್ಪನವರಿಗೆ ಬೇಕಾದದ್ದು ಕೊನೆಯ ಮಾತು. “ಕುಸ್ತಿ ಆಡಿ, ಕುದುರೆ ಓಡಿಸಿ ರಾಯರೇ ಸಣ್ಣ ಆಗ್ಲಿಲ್ಲ. ನಾನು ಸ್ಟೇಡಿಯಂ ಸುತ್ತಿ ಆಗ್ತೀನೇನ್ರೀ?” ರಾಯರು ತೂಕ ಇಳಿಸಲಿಕ್ಕೆ ಅಲ್ಲ, ಯುದ್ಧ ಗೆಲ್ಲಲಿಕ್ಕೆ ಸಾಧನೆ ಮಾಡುತ್ತಿದ್ದರು ಎಂದು ಒಮ್ಮೆ ಹೇಳಿ ನೋಡಿದೆ. ಎಳ್ಳೆಣ್ಣೆಯ ಭಾಗವನ್ನು ತಾವು ಆಗಲೇ ಪಾಲಿಸುತ್ತಿರುವುದಾಗಿ, ಆದರೆ ಮಿರ್ಚಿಯ ಮುಖಾಂತರ ಎಂದು ಉತ್ತರ ಬಂತು. ಹಾಗೇ ಮುಂದೆ ನಡೆದರೆ ಹೇಮಕೂಟದ ತಪ್ಪಲಲ್ಲಿ ಸಾಸಿವೆಕಾಳು ಗಣೇಶ, ಕಡಲೆಕಾಳು ಗಣೇಶ. ಎಂಟಡಿಯ ವಿಗ್ರಹಕ್ಕೆ ಸಾಸಿವೆಕಾಳೆಂದೂ ಹದಿನೈದು ಅಡಿಯದಕ್ಕೆ ಕಡಲೆಕಾಳೆಂದೂ ಹೆಸರಿಟ್ಟು ಕರೆದ ಜನ ನಾವು, ನಮ್ಮ ಅಳತೆಯೇ ದೊಡ್ಡದು. ಸಾಸಿವೆಕಾಳು ಗಣೇಶನ ಹೊಟ್ಟೆಗೆ ಹಾವು ಬಿಗಿದಿದೆ, ತಿಂದು ತಿಂದು ಒಡೆದೀತೆಂದು. “ದೇವರು ಊಟ ಬಿಡ್ಲಿಲ್ಲ, ಬೆಲ್ಟ್ ಹಾಕ್ಕೊಂಡ” ಎಂಬುದು ಸೋಮವಾರಪ್ಪನವರ ವ್ಯಾಖ್ಯಾನ.

ಬೆಲ್ಟಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ: ಅವರ ಹೊಟ್ಟೆಯನ್ನು ಅರ್ಥ ಮಾಡಿಕೊಳ್ಳಲು ನಮ್ಮ ತುಂಗಭದ್ರಾ ಡ್ಯಾಮ್ ನೋಡಿದರೆ ಸಾಕು. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105.788ಕ್ಕೆ ಬಂದಿದೆ. ಹೂಳು ಒಂದು ದಿನದಲ್ಲಿ ಬಂದದ್ದಲ್ಲ, ವರ್ಷವರ್ಷವೂ ಸದ್ದಿಲ್ಲದೆ ಕೂತದ್ದು. ತೆಗೆಯಬೇಕು ಎಂದು ಎಲ್ಲರೂ ಹೇಳುತ್ತಾರೆ, ಸಭೆಗಳಾಗುತ್ತವೆ, ಅಷ್ಟು ಹೂಳನ್ನು ತೆಗೆದು ಹಾಕುವುದೆಲ್ಲಿ ಎಂಬಲ್ಲಿಗೆ ಸಭೆ ಮುಗಿಯುತ್ತದೆ. ಕೊನೆಗೆ, ತೆಗೆಯುವ ಗೋಜೇ ಬೇಡ, ನವಲಿಯ ಹತ್ತಿರ ಇನ್ನೊಂದು ಸಮಾನಾಂತರ ಜಲಾಶಯ ಕಟ್ಟೋಣ ಎಂಬ ಯೋಜನೆ ಹುಟ್ಟಿತು. ಸೋಮವಾರಪ್ಪನವರೂ ಹೊಟ್ಟೆಯ ತಂಟೆಗೆ ಹೋಗದೆ ಎರಡಿಂಚು ಹೆಚ್ಚು ಅಗಲದ ಸಮಾನಾಂತರ ಪ್ಯಾಂಟುಗಳನ್ನು ಹೊಲಿಸಿಕೊಂಡಿದ್ದಾರೆ. 2024ರ ಆಗಸ್ಟ್ 10ರ ಶನಿವಾರ ರಾತ್ರಿ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋದಾಗ ಊರಿಗೆ ಊರೇ ನಿದ್ದೆಗೆಟ್ಟಿತು. ಆ ಸೋಮವಾರವೂ ಅವರ ಸಂಕಲ್ಪವೊಂದು ನಿಗದಿಯಾಗಿತ್ತು. “ರೈತರ ನೀರು ಹರಿದು ಹೊಂಟೈತಿ, ನಾನು ಬೂಟು ಹಾಕ್ಕೊಂಡು ವಾಕಿಂಗ್ ಹೋಗ್ಲ್ಯಾ? ಜನ ಏನಂದಾರು?” ಎಂದು ಮುಂದೂಡಿದರು. ವಾರದೊಳಗೆ ಎಂಜಿನಿಯರುಗಳು ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು. ವಾಕಿಂಗ್ ಮಾತ್ರ ನಿಂತದ್ದು ನಿಂತೇ ಇತ್ತು.

ಈ ಕುಲ ಹೊಸಪೇಟೆಗಷ್ಟೇ ಸೀಮಿತವಲ್ಲ. ಸಂಡೂರಿನಲ್ಲೊಬ್ಬ ಷಡ್ಡಕರಿದ್ದಾರೆ. ಸುತ್ತ ಹಸಿರು ಗುಡ್ಡ, ತಂಪು ಗಾಳಿ, ನಡೆಯುವವನಿಗೆ ಸ್ವರ್ಗ ಎಂದು ಹೇಳುವವರಲ್ಲಿ ಅವರೇ ಮೊದಲಿಗರು. ಕುಮಾರಸ್ವಾಮಿ ಗುಡಿಗೆ ಟ್ರೆಕಿಂಗ್ ಎಂದು ಕಾರಿನಲ್ಲಿ ಹೋಗಿ ಪ್ರದಕ್ಷಿಣೆ ಹಾಕಿ ಬರುತ್ತಾರೆ. ಆದರೆ ಅದಿರಿನ ನೆಲವಾದ್ದರಿಂದ ಅಲ್ಲೊಂದು ಸೌಲಭ್ಯ: ಹೊಸ ಬೂಟು ಒಮ್ಮೆ ರಸ್ತೆಗಿಳಿದರೆ ಸಾಕು, ಕೆಂಧೂಳು ಮೆತ್ತಿ ವರ್ಷಗಟ್ಟಲೆ ನಡೆದವರ ಬೂಟಾಗಿಬಿಡುತ್ತದೆ. ಅದನ್ನು ತೊಳೆಯದೆ ಬಾಗಿಲ ಮುಂದೆ ಬಿಟ್ಟಿದ್ದಾರೆ, ಬಂದವರು ನೋಡಲಿ ಎಂದು. ಕಂಪ್ಲಿಯ ಬೀಗರದು ಇನ್ನೊಂದು ದಾರಿ. ಭತ್ತ ಬೆಳೆಯುವ ನೆಲದಲ್ಲಿ ಕೂತು ಅನ್ನ ಬಿಡುವುದು ಭೂಮಿತಾಯಿಗೆ ದ್ರೋಹ ಎಂಬ ನಿಲುವು ಅವರದು. ಅವರಿಗೆ ಪಥ್ಯ ಬರೆದುಕೊಡುವ ಡಾಕ್ಟರು ಹೊಳೆಯಾಚೆ ಗಂಗಾವತಿಯಲ್ಲಿ. ಡ್ಯಾಮಿನಿಂದ ನದಿಗೆ ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಬೀಗರ ಪಥ್ಯವೂ ಮುಳುಗುತ್ತದೆ. ಈಚೆಗೆ ಚಳಿಗಾಲದಲ್ಲಿ ಮಾತಾಡಿಸಿದಾಗಲೂ “ಸೇತುವೆ ಸಮಸ್ಯೆ ಐತ್ರೀ” ಎಂದರು. ಹೊಳೆಯಲ್ಲಿ ಆಗ ಎಮ್ಮೆಗಳು ಮೊಣಕಾಲುದ್ದ ನೀರಲ್ಲಿ ನಿಂತಿದ್ದವು.

ಸೋಮವಾರಪ್ಪನವರ ಮನೆಯಾಕೆ ಇದಾವುದಕ್ಕೂ ಅಡ್ಡಬಂದವರಲ್ಲ. ಚಹಾಕ್ಕೆ ಸಕ್ಕರೆ ಬೇಡ, ಬೆಲ್ಲ ಹಾಕು ಎಂದರೆ ಹಾಕಿದರು. ಬೆಲ್ಲವೂ ಕ್ಯಾಲೊರಿಯಲ್ಲಿ ಸಕ್ಕರೆಗೆ ಹೆಚ್ಚು ಕಡಿಮೆ ಸಮವೇ. ಆರೋಗ್ಯಕ್ಕೆ ಒಳ್ಳೆಯದೆಂದು ಒಂದು ಲೋಟ ಕುಡಿಯುವಲ್ಲಿ ಎರಡು ಲೋಟವಾಯಿತು, ಅಷ್ಟೇ. ನವಣೆ ಅನ್ನ ಮಾಡು ಎಂದರು, ಮಾಡಿದರು. ಅದಕ್ಕೆ ತುಪ್ಪ ಬೇಡವೇ ಎಂದು ಕೇಳಿದವರು ಸೋಮವಾರಪ್ಪನವರೇ. ಓಟ್ಸನ್ನು ಮಾತ್ರ ಮೂರನೆಯ ದಿನ ಆಕೆ ಮಸಾಲೆ ವಡೆಗೆ ಬೆರೆಸಿ ಮುಗಿಸಿದರು. “ಇಷ್ಟು ಕೊಟ್ಟು ತಂದೀರಿ, ಹುಳ ಬೀಳ್ತದ” ಎಂಬ ಕಾರಣಕ್ಕೆ.

ಹೋದ ವರ್ಷ ಮಗಳು ಕಾಲೇಜಿಗೆ ಸೇರಿದಳು. ಸ್ಕೂಟರು ಅವಳ ಪಾಲಾಯಿತು. ಇನ್ನೊಂದು ಕೊಳ್ಳುವ ಮಾತು ಬ್ಯಾಂಕಿನ ಕಂತು ತೀರುವವರೆಗೆ ಬೇಡ ಎಂದು ಮನೆಯಾಕೆ ತಡೆದರು. ಬಡಾವಣೆಯಿಂದ ಬಜಾರಿಗೆ, ಮಧ್ಯಾಹ್ನ ಊಟಕ್ಕೆ, ಮತ್ತೆ ಅಂಗಡಿಗೆ, ರಾತ್ರಿ ಮನೆಗೆ ಸೋಮವಾರಪ್ಪ ಗೊಣಗುತ್ತ ಕಾಲೆಳೆದರು. ಆಟೋದವನು ಕೇಳುವ ದುಡ್ಡು ಅವರಿಗೆ ಒಗ್ಗದು. ಹವಾಯಿ ಚಪ್ಪಲಿ, ಕೈಯಲ್ಲಿ ಲೆಕ್ಕದ ಚೀಲ. ಗಡಿಯಾರದ ಚಾರ್ಜು ಮುಗಿದು ಅದು ಟಿವಿಯ ಹಿಂದೆ ಬಿದ್ದಿತ್ತು. ಯಾವ ವಾರ ಶುರುವಾಯಿತೆಂದು ಯಾರೂ ಗಮನಿಸಲಿಲ್ಲ, ಗುಂಪಿಗೆ ಸಂದೇಶವೂ ಹೋಗಲಿಲ್ಲ. ಮಧ್ಯಾಹ್ನ ಉಂಡು ಬಿಸಿಲಲ್ಲಿ ವಾಪಸು ನಡೆಯಬೇಕಲ್ಲ ಎಂಬ ಭಯಕ್ಕೆ ಎರಡನೆಯ ಸಲ ಅನ್ನ ಬಡಿಸಿಕೊಳ್ಳುವುದೂ ತಾನಾಗಿ ನಿಂತಿತು.

ದೀಪಾವಳಿಗೆ ಪ್ಯಾಂಟು ಹೊಲಿಯಲು ಕೊಟ್ಟಾಗ ದರ್ಜಿ ಟೇಪು ಸುತ್ತಿ, ಮತ್ತೊಮ್ಮೆ ಸುತ್ತಿ, “ಅಣ್ಣಾರ, ಆರಾಮ ಅದೀರಿಲ್ಲೋ?” ಎಂದ. ಮನೆಯಲ್ಲಿ ತೂಗಿ ನೋಡಿದರೆ ಏಳು ಕೆಜಿ ಕಡಿಮೆ. ಮನೆಯಾಕೆ ಕಣ್ಣಲ್ಲಿ ನೀರು ತಂದುಕೊಂಡರು. ಏನೂ ಮಾಡದೆ ಸೊರಗಿದರೆ ಸಕ್ಕರೆ ಕಾಯಿಲೆಯೇ ಎಂದು ಓಣಿ ತೀರ್ಮಾನಿಸಿತು. ಕಂಪ್ಲಿಯ ಬೀಗರು ಫೋನಿನಲ್ಲೇ ಒಂದು ಕಷಾಯ ಹೇಳಿದರು. ಗಂಡಹೆಂಡಿರಿಬ್ಬರೂ ಡಾಕ್ಟರ ಹತ್ತಿರ ಓಡಿದರು. ಖಾಲಿ ಹೊಟ್ಟೆಯ ರಕ್ತ, ಊಟದ ನಂತರದ ರಕ್ತ, ಥೈರಾಯ್ಡು, ಎಲ್ಲ ಆಯಿತು. ಎಲ್ಲವೂ ಸರಿಯಿತ್ತು. ಬಿ.ಪಿ. ಮೊದಲಿಗಿಂತ ಇಳಿದಿತ್ತು.

“ದಿನಾ ವಾಕಿಂಗ್ ಮಾಡ್ತೀರೇನು?” ಡಾಕ್ಟರು ಕೇಳಿದರು.

“ಇಲ್ರೀ ಸರ, ಅದನ್ನ ಬಿಟ್ಟು ಒಂದು ವರ್ಷ ಆತು. ಟೈಮೇ ಸಿಗ್ತಿಲ್ಲ. ಅಂಗಡಿಗೆ ನಡಕೊಂಡೇ ಹೋಗಿ ಬರ್ಬೇಕು.”

ಡಾಕ್ಟರು ನಕ್ಕು, ಹೀಗೇ ಇರಲಿ ಎಂದು ರಿಪೋರ್ಟು ಮಡಚಿ ಕೊಟ್ಟರು. ಹೊರಗೆ ಬಂದ ಸೋಮವಾರಪ್ಪ ಮೆಟ್ಟಿಲ ಮೇಲೆ ನಿಂತು ಪ್ಯಾಂಟು ಎತ್ತಿಕೊಳ್ಳುತ್ತ ಹೆಂಡತಿಯ ಕಡೆ ತಿರುಗಿದರು. “ಕೇಳಿದ್ಯಾ? ರೋಗ ಇಲ್ಲ, ರುಜಿನ ಇಲ್ಲ. ನಡೆದು ನಡೆದೇ ಹೆಂಗ ಸೊರಗಿಬಿಟ್ಟೀನಿ ನೋಡು. ಕಂತು ಹಾಳಾಗಿ ಹೋಗ್ಲಿ, ನಾಳೆನೇ ಒಂದು ಗಾಡಿ ಬುಕ್ ಮಾಡೋಣ.”