ಲ್ಯಾಪ್‌ಟಾಪಿನ ಗ್ವಾದಲಿ

ನನ್ನದು ಒಂದು ಲ್ಯಾಪ್‌ಟಾಪ್, ಮೂರು ಊರು. ಬಾಡಿಗೆ ಮನೆ ರಾಯಚೂರಿನಲ್ಲಿ, ಅವ್ವ ದೇವದುರ್ಗದಲ್ಲಿ, ಹೆಂಡತಿಯ ತವರು ಮಾನ್ವಿಯಲ್ಲಿ. ಮನೆಯಿಂದಲೇ ಕೆಲಸ ಮಾಡಿ ಎಂದು ಕಂಪನಿ ಹೇಳಿದಾಗ ಯಾವ ಮನೆ ಎಂಬ ಪ್ರಶ್ನೆ ಎದ್ದಿತು. ಮೂರೂ ಕಡೆಯವರು "ನಮ್ಮದೇ" ಎಂದರು. ಯಾರನ್ನೂ ನೋಯಿಸಬಾರದೆಂದು ಮೂರೂ ಮನೆಗಳಲ್ಲಿ ಒಂದೊಂದು ದೊಡ್ಡ ಪರದೆ, ಒಂದೊಂದು ಕೀಲಿಮಣೆ, ಒಂದೊಂದು ಡಾಕಿಂಗ್ ಸ್ಟೇಷನ್ ಇಟ್ಟೆ. ಅಲ್ಲಿಂದ ಶುರುವಾಯಿತು ನೋಡಿ ಶನಿಕಾಟ.

ದೇವದುರ್ಗದಲ್ಲಿ ಮೊದಲ ದಿನ ಅವ್ವ ಆ ಕರೀ ಡಬ್ಬಿಯನ್ನು ಹೊರಳಿಸಿ ನೋಡಿದಳು. "ಇದೇನಪ ತಮ್ಮಾ?"

"ಡಾಕ್ ಅಂತಾರಬೇ. ಒಂದ ವೈರ್ ಹಚ್ಚಿದ್ರ ಕರೆಂಟು, ಪರದೆ, ಇಂಟರ್‌ನೆಟ್ಟು ಎಲ್ಲಾ ಒಮ್ಮೆಗೇ ಬರ್ತದ."

"ಅಂದ್ರ ಗ್ವಾದಲಿ ಅನ್ನು."

ಗ್ವಾದಲಿ ಎಂದರೆ ದನದ ಮುಂದೆ ಮೇವು ಹಾಕುವ ಕಟ್ಟೆ. ದಿನವಿಡೀ ಅಡ್ಡಾಡಿ ಬಂದ ಎತ್ತನ್ನು ಅಲ್ಲಿ ಕಟ್ಟಿದರೆ ಮೇವು, ನೀರು, ವಿಶ್ರಾಂತಿ ಎಲ್ಲ ಒಂದೇ ಜಾಗದಲ್ಲಿ. ಹತ್ತು ವರ್ಷ ಈ ಉದ್ಯೋಗದಲ್ಲಿದ್ದೂ ನನಗೆ ಇಂಥ ಶಬ್ದ ಹೊಳೆದಿರಲಿಲ್ಲ. ಸಂಭ್ರಮದಿಂದ ವೈರ್ ಹಚ್ಚಿದೆ. ಚಾರ್ಜು ಹತ್ತಿತು. ಪರದೆ ಮಾತ್ರ ಅಮಾವಾಸ್ಯೆ.

"ಯಾಕ, ಏನಾತು?"

"ಡ್ರೈವರ್ ಇಲ್ಲಬೇ."

"ಅಯ್ಯ, ಬಸ್ಸು ಬರೂದಿಲ್ಲೇನು ಹಂಗಾದ್ರ?"

ಅವ್ವನಿಗೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಆ ಜಾತಿಯ ಡಾಕ್‌ನಲ್ಲಿ ಚಿತ್ರ ನೇರವಾಗಿ ಪರದೆಗೆ ಹೋಗುವುದಿಲ್ಲ. ಲ್ಯಾಪ್‌ಟಾಪಿನೊಳಗಿನ ಒಂದು ತಂತ್ರಾಂಶ ಚಿತ್ರವನ್ನು ಅದುಮಿ ಗಂಟುಕಟ್ಟಿ ಯು.ಎಸ್.ಬಿ. ತಂತಿಯಲ್ಲಿ ಸಾಗಿಸಬೇಕು, ಡಾಕ್‌ನೊಳಗಿನ ಚಿಪ್ಪು ಅದನ್ನು ಬಿಚ್ಚಿ ಹರಡಬೇಕು. ಗಂಟು ಕಟ್ಟುವವನೇ ಡ್ರೈವರ್. ಅವನನ್ನು ಒಳಗೆ ಬಿಟ್ಟುಕೊಳ್ಳಲು ನಮ್ಮ ಕಂಪನಿಯ ಭದ್ರತಾ ವಿಭಾಗದ ಅಪ್ಪಣೆ ಬೇಕು. ಅಪ್ಪಣೆ ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟು ದಿನವೂ ಅವ್ವ ಬಂದವರಿಗೆಲ್ಲ ಒಂದೇ ಮಾತು ಹೇಳಿದಳು: "ಯಾರ ಮನಿ ಗ್ವಾದಲಿಗೆ ಕಟ್ಟಿದ್ರೂ ಎತ್ತು ಮೇಯ್ತದ. ನನ್ನ ಮಗ ತಂದದ್ದು ಮೂಸಿ ನೋಡಿ ಬಿಡ್ತದ."

ರಾಯಚೂರಿನ ಮನೆಗೆ ತಂದದ್ದು ಇನ್ನೊಂದು ತರಹದ್ದು. ತೀನ್ ಕಂದೀಲಿನ ಬಳಿ ಒಂದು ಅಂಗಡಿ. "ಟೈಪ್ ಸಿ ಇದ್ರ ಮುಗೀತು ಸರ, ಎಲ್ಲಾದಕ್ಕೂ ಆಗ್ತದ," ಎಂದ ಅಂಗಡಿಯವನು. ಅವನದು ಸುಳ್ಳಲ್ಲ, ಅರ್ಧ ಸತ್ಯ. 2014ರಲ್ಲಿ ಬಂದ ಈ ಟೈಪ್ ಸಿ ಬಾಯಿಗೆ 24 ಪಿನ್ನುಗಳಿವೆ, ಹೇಗೆ ತಿರುಗಿಸಿ ಹಾಕಿದರೂ ಕೂರುತ್ತದೆ. ಆದರೆ ಬಾಯಿ ಒಂದೇ ಆದರೂ ಹೊಟ್ಟೆ ಒಂದೇ ಅಲ್ಲ. ಒಂದು ತೂತು ಬರೀ ಚಾರ್ಜಿಗೆ, ಒಂದು ಚಾರ್ಜಿಗೂ ಫೈಲುಗಳಿಗೂ, ಮತ್ತೊಂದು ಪರದೆಗೂ ಸೇರಿ. ಹೊರಗಿನಿಂದ ಮೂರೂ ತ್ರಿವಳಿ ಮಕ್ಕಳ ಹಾಗೆ. ಎಲ್ಲಕ್ಕೂ ಒಂದೇ ಬಾಯಿ ಇರಲಿ ಎಂದು ಯುರೋಪಿನವರು ಕಾನೂನನ್ನೇ ಮಾಡಿದ್ದಾರೆ, ಫೋನುಗಳಿಗೆ 2024ರ ಡಿಸೆಂಬರಿನಿಂದ, ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲಿನಿಂದ. ಅದೂ ಚಾರ್ಜಿನ ಮಟ್ಟಿಗೆ. ಮೇವಿಗೆ ಕಾನೂನು ಬಂತು, ಪರದೆಗೆ ಬರಲಿಲ್ಲ.

ಆ ಡಾಕ್‌ನ ಪೆಟ್ಟಿಗೆಯಲ್ಲಿ ಒಂದು ಚೀಟಿ ಇತ್ತು. ಅದರಲ್ಲಿ ಅಕ್ಷರವೇ ಇಲ್ಲ, ಬರೀ ಬಾಣದ ಗುರುತುಗಳು. ರಾಯಚೂರಿನ ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದು ಕಲ್ಲಿದೆ. ಅದರ ಮೇಲೆ 1294ರ ತೆಲುಗು ಶಾಸನ. ಇಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇಗೆ ಎಳೆದು ತಂದರು ಎಂಬ ಚಿತ್ರವನ್ನೂ ಅಲ್ಲಿಯೇ ಕೊರೆದಿದ್ದಾರೆ. ಏಳು ನೂರು ವರ್ಷ ಕಳೆದರೂ ನೋಡಿದವರಿಗೆ ತಿಳಿಯುತ್ತದೆ. ನನ್ನ ಚೀಟಿ ಮಾತ್ರ ಏಳು ನಿಮಿಷ ದಿಟ್ಟಿಸಿದರೂ ಬಾಯಿ ಬಿಡಲಿಲ್ಲ.

ಬೇರೆ ಬೇರೆಯವರು ಮಾಡಿದ್ದು ಒಂದಕ್ಕೊಂದು ಕೂಡಿಕೊಳ್ಳುವ ವಿದ್ಯೆ ರಾಯಚೂರಿಗೆ ಹೊಸದಲ್ಲ. 1871ರಲ್ಲಿ ಮುಂಬಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದ್ರಾಸ್ ಕಡೆಯಿಂದ ಮದ್ರಾಸ್ ರೈಲ್ವೆ ಬಂದು ಕೈ ಕುಲುಕಿದ್ದು ಇಲ್ಲಿಯೇ. ಎರಡು ಕಂಪನಿ, ಎರಡು ಲೆಕ್ಕದ ಪುಸ್ತಕ, ಆದರೆ ಹಳಿಯ ಅಗಲ ಒಂದೇ, ಐದೂವರೆ ಅಡಿ. ಇಲ್ಲದಿದ್ದರೆ ಮುಂಬಯಿಯ ಪ್ರಯಾಣಿಕ ಇಲ್ಲಿ ಇಳಿದು, ಗಂಟುಮೂಟೆ ಹೊತ್ತು, ಇನ್ನೊಂದು ಗಾಡಿ ಹತ್ತಬೇಕಿತ್ತು. ಆದರೆ ಹಳಿ ಕೂಡಿದರೆ ಮುಗಿಯಲಿಲ್ಲವಲ್ಲ. ಗಾಡಿ ಬರುತ್ತಿದೆ ಎಂದು ಮೊದಲೇ ಹೇಳುವವರು ಬೇಕು, ಬಾ ಎನ್ನುವವರು ಬೇಕು, ತಡೆ ಎನ್ನುವವರೂ ಬೇಕು. ನನ್ನ ಡಾಕ್‌ಗಳಲ್ಲಿ ಹಳಿ ಬಂದಿತ್ತು, ಸ್ಟೇಷನ್ ಮಾಸ್ತರ ಬಂದಿರಲಿಲ್ಲ.

ಮಾಸ್ತರನನ್ನು ನೇಮಿಸಲು ದೊಡ್ಡವರು ಪ್ರಯತ್ನ ಮಾಡಿದ್ದಾರೆ. 1992ರಲ್ಲಿ ಆಪಲ್ ತಂದ ಡ್ಯುಓ ಡಾಕ್ ಲ್ಯಾಪ್‌ಟಾಪನ್ನು ವಿಡಿಯೋ ಕ್ಯಾಸೆಟ್ಟಿನಂತೆ ಇಡಿಯಾಗಿ ನುಂಗುತ್ತಿತ್ತು. ಅವರದು ಅವರ ಎತ್ತಿಗೆ ಮಾತ್ರ. ಉಳಿದ ಕಂಪನಿಗಳೂ ಹಾಗೆಯೇ, ಗ್ವಾದಲಿಗೊಂದು ಬೀಗ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕೂಡಿ ಎ.ಸಿ.ಪಿ.ಐ. ಎಂಬ ನಿಯಮಾವಳಿ ಬರೆದರು. ಡಾಕ್‌ಗೆ ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಅದರಲ್ಲಿ ಒಂದೇ ಆಜ್ಞೆ: 1 ಎಂದರೆ ಕಟ್ಟು, 0 ಎಂದರೆ ಬಿಚ್ಚು. ಆದರೂ ಲಿನಕ್ಸ್ ಕಾರ್ಯವ್ಯವಸ್ಥೆಯಲ್ಲಿ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನ ಡಾಕ್‌ಗೆ ಅದರದೇ ಪ್ರತ್ಯೇಕ ಡ್ರೈವರ್ ಇತ್ತು. ಯಾವ ಕಂಪನಿಯದಾದರೂ ಸರಿ ಎನ್ನುವ ಸಾಮಾನ್ಯ ಡಾಕ್ ಡ್ರೈವರನ್ನು 2006ರಲ್ಲಿ ಇಂಟೆಲ್‌ನ ಕ್ರಿಸ್ಟನ್ ಕಾರ್ಲ್‌ಸನ್ ಅಕಾರ್ಡಿ ಬರೆದರು. ಊರಿಗೊಂದು ಗ್ವಾದಲಿ ಕಟ್ಟಿಸಿದ ಪುಣ್ಯಾತ್ಗಿತ್ತಿ ಎಂದು ಅವ್ವನಿಗೆ ಹೇಳಿದೆ. "ಆಕಿ ಹೊಟ್ಟಿ ತಣ್ಣಗಿರ್ಲಿ," ಎಂದಳು.

ಕಟ್ಟುವುದು ಸುಲಭ, ಬಿಚ್ಚುವುದೇ ಕಷ್ಟ. ಇದನ್ನು ನಾನು ಕಲಿತದ್ದು ಮಾನ್ವಿಯಲ್ಲಿ. ನಮ್ಮ ಕಡೆ ಬೀಗರ ಮನೆಯಿಂದ ಎದ್ದು ಬರುವುದೆಂದರೆ ಎರಡು ತಾಸಿನ ಕೆಲಸ. "ಹೋಗ್ತೀನಿ" ಎನ್ನುವಂತಿಲ್ಲ, "ಹೋಗಿ ಬರ್ತೀನ್ರಿ" ಎನ್ನಬೇಕು. ಮಾವನವರು "ಕೂಡ್ರಿ ಅಳಿಯಂದ್ರ, ಚಹಾ ಆಗಲಿ" ಎನ್ನುತ್ತಾರೆ. ಅತ್ತೆಯವರು ರೊಟ್ಟಿ ಗಂಟು ಕಟ್ಟಬೇಕು, ಶೇಂಗಾ ಹಿಂಡಿ ಕಟ್ಟಬೇಕು, ಮಕ್ಕಳ ಕೈಗೆ ರೊಕ್ಕ ಕೊಡಬೇಕು. ಎಲ್ಲರೂ "ಹೂಂ" ಎಂದ ಮೇಲೆಯೇ ಹೊಸ್ತಿಲು ದಾಟುವುದು.

ಎ.ಸಿ.ಪಿ.ಐ. ಬರೆದವರು ಮಾನ್ವಿಗೆ ಬಂದಿದ್ದರೋ ಏನೋ, ಪದ್ಧತಿ ಅದೇ. ಡಾಕ್‌ನ ಗುಂಡಿ ಒತ್ತಿದರೆ ಅದು ತಕ್ಷಣ ಬಿಡುವುದಿಲ್ಲ, ಏಳಬಹುದೇ ಎಂದು ಕೇಳುತ್ತದೆ. ತಂತ್ರಾಂಶ ಪರದೆ, ಡಿಸ್ಕು, ನೆಟ್‌ವರ್ಕುಗಳಿಗೆಲ್ಲ ಸುದ್ದಿ ಮುಟ್ಟಿಸಿ ಅರ್ಧಕ್ಕೆ ನಿಂತ ಬರವಣಿಗೆ ಮುಗಿಸಿಕೊಂಡು ಆಮೇಲೆ ಬೀಗ ತೆಗೆಯುತ್ತದೆ. ಇವನು ಎದ್ದರೆ ಜೊತೆಗೆ ಯಾರು ಯಾರು ಏಳಬೇಕು ಎಂದು ಹೇಳುವ ವ್ಯವಸ್ಥೆಯೂ ಅದರಲ್ಲಿದೆ. ನಮ್ಮ ಮನೆಯಲ್ಲಿ ಆ ಪಟ್ಟಿ ಹೆಂಡತಿಯ ಕೈಯಲ್ಲಿದೆ. ನಾನು ಎದ್ದರೆ ಅವಳು ಏಳಬೇಕೆಂದಿಲ್ಲ, ಅವಳು ಎದ್ದರೆ ನಾನು ಎದ್ದಿರಲೇಬೇಕು.

ಟೈಪ್ ಸಿ ಬಂದ ಮೇಲೆ ಬೀಗವೂ ಹೋಯಿತು, ಗುಂಡಿಯೂ ಹೋಯಿತು. ಯಾರು ಯಾವಾಗ ಬೇಕಾದರೂ ವೈರ್ ಕಿತ್ತುಕೊಂಡು ನಡೆಯಬಹುದು. ಹಾಗೆ ಹೇಳದೆ ಕೇಳದೆ ಎದ್ದು ಹೋಗುವುದಕ್ಕೆ ಕಂಪ್ಯೂಟರಿನವರು ಇಟ್ಟ ಹೆಸರಿನ ಅರ್ಥ "ಅಚಾನಕ್ ನಿರ್ಗಮನ". ಮಾನ್ವಿಯಲ್ಲಿ ಅದಕ್ಕೆ ಇರುವ ಶಬ್ದ ಬೇರೆ, ಅಚ್ಚಿಗೆ ಹೋಗುವಂಥದ್ದಲ್ಲ.

ಮೊನ್ನೆ ಭಾನುವಾರ ಅದನ್ನೇ ಮಾಡಿದೆ. ಸಂಜೆಯ ಬಸ್ಸು ತಪ್ಪುತ್ತದೆಂಬ ಗಡಿಬಿಡಿ. ಬೀಳ್ಕೊಡುಗೆಯ ಎರಡು ತಾಸನ್ನು ಚಹಾ, ಗಂಟು, ರೊಕ್ಕ ಎಲ್ಲ ಸೇರಿಸಿ ಇಪ್ಪತ್ತು ನಿಮಿಷಕ್ಕೆ ಇಳಿಸಿ, ವೈರ್ ಕಿತ್ತು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಓಡಿದೆ. ಹೊರಗಿನ ಡಿಸ್ಕಿಗೆ ನಕಲಾಗುತ್ತಿದ್ದ ವಾರದ ಕೆಲಸ ಅರ್ಧಕ್ಕೆ ನಿಂತಿತ್ತು. ಅದು ನೆನಪಾದದ್ದು ಬಸ್ಸು ಮಾನ್ವಿ ದಾಟಿದ ಮೇಲೆ. ಅಷ್ಟರಲ್ಲಿ ಅತ್ತೆಯವರ ಫೋನು ಬಂತು. ಅವ್ವನ ಶಬ್ದ ಹೆಂಡತಿಯ ಬಾಯಿಂದ ಮಾನ್ವಿ ಮುಟ್ಟಿ ಎಷ್ಟು ದಿನವಾಗಿತ್ತೋ.

"ಅಳಿಯಂದ್ರ, ನಿಮ್ಮ ಗ್ವಾದಲಿ ದೀಪ ಇನ್ನೂ ಮಿಣಕಲಿಕ್ಕತ್ತದ ನೋಡ್ರಿ. ನೀವು ಹೇಳಿ ಹೋಗಿಲ್ಲೇನು ಅದಕ್ಕ?"