ನಾನೇನೂ ಮುಟ್ಟಿಲ್ಲ ಸಾರ್

ಕಂಪ್ಯೂಟರ್ ಕೆಟ್ಟಿರುವ ಮನೆಗೆ ಹೋದರೆ, ಕುಡಿಯಲು ನೀರು ಕೊಡುವುದಕ್ಕೆ ಮುಂಚೆಯೇ ಹೇಳಿಕೆ ಕೊಡುತ್ತಾರೆ: 'ನಾನೇನೂ ಮುಟ್ಟಿಲ್ಲ, ತಾನಾಗೇ ಹಿಂಗಾಯ್ತು.' ಯಾರು ಮುಟ್ಟಿದರು ಅಂತ ನಾನು ಕೇಳಿಯೇ ಇರುವುದಿಲ್ಲ. ಕಡೂರಿನ ಗುಮಾಸ್ತರಾಗಲಿ, ತರೀಕೆರೆಯ ಅಡಿಕೆ ಮಂಡಿಯವರಾಗಲಿ, ಅಜ್ಜಂಪುರದ ಈರುಳ್ಳಿ ಬೆಳೆಗಾರರಾಗಲಿ, ಈ ಮಾತಿನಲ್ಲಿ ಒಂದಕ್ಷರ ವ್ಯತ್ಯಾಸವಿಲ್ಲ. ಮುಟ್ಟದೆ ಅದು ಆನ್ ಆದದ್ದು ಹೇಗೆ ಅಂತ ತಿರುಗಿ ಕೇಳಬಾರದು. ಕೇಳಿದರೆ ಕಾಫಿ ತಡವಾಗುತ್ತದೆ.

ನಾನು ಓದಿದ್ದು ಬಿ.ಕಾಂ. ಕಡೂರಿನ ಒಂದು ಕಚೇರಿಯಲ್ಲಿ ಕೆಲಸ. ಹೆಂಡತಿಯ ತವರು ಅಜ್ಜಂಪುರ. ಅಕ್ಕನನ್ನು ಕೊಟ್ಟಿರುವುದು ತರೀಕೆರೆಗೆ. ಹೀಗಾಗಿ ನನ್ನ ಕಂಪ್ಯೂಟರ್ ವೈದ್ಯಕೀಯಕ್ಕೆ ಮೂರು ತಾಲ್ಲೂಕಿನ ವ್ಯಾಪ್ತಿ. ಮೊದಲು ಎರಡೇ ಇತ್ತು. ಅಜ್ಜಂಪುರ ತರೀಕೆರೆಯಿಂದ ಬೇರೆ ತಾಲ್ಲೂಕಾದ ಮೇಲೆ ನನಗೂ ಬಡ್ತಿ ಸಿಕ್ಕಿದಂತಾಯಿತು. ನನ್ನಲ್ಲಿರುವ ವಿದ್ಯೆ ಇಷ್ಟೇ: ತೆರೆಯ ಮೇಲೆ ಬರುವ ಸಂದೇಶವನ್ನು ಓಕೆ ಒತ್ತುವ ಮುಂಚೆ ಓದುತ್ತೇನೆ. 'ಪ್ರಿಂಟರ್ ಕೆಟ್ಟೋಯ್ತು ಸಾರ್, ಏನೋ ಬರುತ್ತೆ, ಓಕೆ ಕೊಡ್ತೀನಿ, ಮತ್ತೆ ಅದೇ ಬರುತ್ತೆ' ಎಂದು ಪಕ್ಕದ ವಿಭಾಗದ ಮೇಡಂ ಕರೆದರು. ಪಾಪ, ಪ್ರಿಂಟರ್ ಬೆಳಗಿನಿಂದ ಕಾಗದ ಹಾಕಿ ಅಂತ ಬೇಡಿಕೊಳ್ಳುತ್ತಿತ್ತು. ಕಾಗದ ಹಾಕಿದೆ. ಅಂದಿನಿಂದ ಆ ವಿಭಾಗದಲ್ಲಿ ನಾನು ಇಂಜಿನಿಯರ್.

2012ರಲ್ಲಿ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ಬಂತಲ್ಲ, ಕಿಯೋನಿಕ್ಸ್‌ನವರು ನಡೆಸುವುದು, ಆಗ ನನ್ನ ಹೊರೆ ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿಯಲಿಲ್ಲ. ಪರೀಕ್ಷೆ ಪಾಸಾದವರು ಈಗ ಧೈರ್ಯವಾಗಿ ಹೆಚ್ಚೆಚ್ಚು ಕಡೆ ಒತ್ತುತ್ತಾರೆ. ನಮ್ಮಲ್ಲೊಬ್ಬರು ಒಳ್ಳೆಯ ಅಂಕ ತೆಗೆದವರು, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಅದರ ಕೆಳಗಿರುವ ಕಂಪ್ಯೂಟರಿಗೆ ಹೂವಿನ ಬಟ್ಟೆ ಹೊದಿಸಿದ್ದಾರೆ. ಬಟ್ಟೆ ತೆಗೆಯುವ ಹಕ್ಕು ನನಗೆ ಮಾತ್ರ.

ನಮ್ಮ ಕಚೇರಿಗಳ ನಿಜವಾದ ಕಾಯಿಲೆ ಕನ್ನಡದ್ದು. ಪೆನ್‌ಡ್ರೈವಿನಲ್ಲಿ ಬಂದ ಪತ್ರ ತೆರೆದರೆ ಕನ್ನಡದ ಬದಲು ಬ್ರಿಟಿಷ್ ಪೌಂಡಿನ ಚಿಹ್ನೆಗಳು, ತಲೆಯ ಮೇಲೆ ಓರೆಗೆರೆ, ಎರಡು ಚುಕ್ಕೆ ಹೊತ್ತ ಇಂಗ್ಲಿಷ್ 'ಎ'ಗಳು ಸಾಲುಸಾಲಾಗಿ ನಿಂತಿರುತ್ತವೆ. 'ವೈರಸ್ಸು!' ಎಂದು ಎಲ್ಲರೂ ಹಿಂದೆ ಸರಿಯುತ್ತಾರೆ. ವೈರಸ್ಸೂ ಅಲ್ಲ, ಏನೂ ಅಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಿಗೆ ಆಗ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳಲ್ಲೇ ಅವು ಬಾಡಿಗೆಗೆ ಇದ್ದವು. 'ನ'ಕಾರ ಇದ್ದದ್ದು ಪೌಂಡಿನ ಮನೆಯಲ್ಲಿ. ನುಡಿಯ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಬಾಡಿಗೆದಾರ ಕಾಣುತ್ತಾನೆ, ಇಲ್ಲದಿದ್ದರೆ ಮನೆಯ ಯಜಮಾನ ಬಾಗಿಲು ತೆಗೆಯುತ್ತಾನೆ. ಆದ್ದರಿಂದ 'ನಮ್ಮ' ಎಂದು ಶುರುವಾಗುವ ಎಲ್ಲ ಅರ್ಜಿಗಳೂ ಪೌಂಡಿನಿಂದ ಶುರುವಾಗುತ್ತವೆ. ಬರಪರಿಹಾರ ಕೇಳುವ ಕಡೂರಿನ ಕಾಗದದ ತುಂಬ ಅಷ್ಟೊಂದು ಪೌಂಡ್ ನೋಡಿದಾಗ ನಗಬೇಕೋ ಬೇಡವೋ ತಿಳಿಯುವುದಿಲ್ಲ. ಯೂನಿಕೋಡ್ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಟ್ಟು ವರ್ಷಗಳೇ ಆದವು. ಆದರೆ ಹಳೆಯ ಕಡತಗಳು ಇನ್ನೂ ಬಾಡಿಗೆ ಮನೆ ಬಿಟ್ಟಿಲ್ಲ.

ಇದೇ ಹಳೆಯ ನುಡಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗಿಬರಲು ಒತ್ತಬೇಕಾದದ್ದು ಸ್ಕ್ರೋಲ್ ಲಾಕ್ ಕೀಲಿ. ಜಗತ್ತಿನಲ್ಲಿ ಆ ಕೀಲಿಯನ್ನು ನಂಬಿಕೊಂಡಿದ್ದವರು ನಾವಷ್ಟೇ ಇರಬೇಕು. ಲ್ಯಾಪ್‌ಟಾಪ್ ಮಾಡುವವರು ಯಾರಿಗೂ ಬೇಡವೆಂದು ಅದನ್ನು ಕಿತ್ತೇ ಹಾಕಿದರು. ನಮ್ಮ ಸೂಪರಿಂಟೆಂಡೆಂಟರಿಗೆ ಮಗ ಬೆಂಗಳೂರಿನಿಂದ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟ. 'ಇದರಲ್ಲಿ ಕನ್ನಡಕ್ಕೇ ದಾರಿಯಿಲ್ಲವಲ್ರೀ' ಎಂದು ಊಟ ಬಿಡುವುದೊಂದು ಬಾಕಿ. ವಿಂಡೋಸ್‌ನ ಒಳಗೆ ಚಿತ್ರದ ಕೀಲಿಮಣೆಯೊಂದಿದೆ, ಅದರ ಮೂಲೆಯಲ್ಲಿ ಸ್ಕ್ರೋಲ್ ಲಾಕ್ ಇನ್ನೂ ಬದುಕಿದೆ. ಅದನ್ನು ತೋರಿಸಿದೆ. ಮಾರನೆಯ ದಿನ ಅವರ ತೋಟದ ಎಳನೀರು ಒಂದು ಗೊನೆ ಮನೆಗೆ ಬಂತು. ನಮ್ಮ ಕಡೆ ಈ ಕೆಲಸಕ್ಕೆ ದುಡ್ಡು ಕೊಡುವುದು ಅವಮಾನ, ತೆಗೆದುಕೊಳ್ಳುವುದು ಇನ್ನೂ ಅವಮಾನ. ಕಡೂರಿನಲ್ಲಿ ತೆಂಗಿನಕಾಯಿ, ಅಜ್ಜಂಪುರದಲ್ಲಿ ಈರುಳ್ಳಿ. ತರೀಕೆರೆಯಲ್ಲಿ ಅಕ್ಕನ ಮನೆಯಾದ್ದರಿಂದ ಬರೀ ಬೈಗುಳ.

ಫೋನಿನಲ್ಲಿ ಚಿಕಿತ್ಸೆ ಮಾಡುವುದು ಬೇರೆಯೇ ಶಿಕ್ಷೆ. ಅಜ್ಜಂಪುರದಿಂದ ತರೀಕೆರೆಗೆ ರೈಲಿನಲ್ಲಿ ಹೋಗಬೇಕಾದರೆ ಬೀರೂರಿನಲ್ಲಿ ಇಳಿದು, ಶಿವಮೊಗ್ಗದ ಗಾಡಿಗೆ ಕಾಯಬೇಕು. ಹಾಗೆ ಕಾಯುತ್ತ ಕೂತಾಗಲೇ ಫೋನು ಬರುವುದು.

'ಎಡಗಡೆ ಕೆಳಗಿನ ಮೂಲೆ ನೋಡಿ.'

'ನನ್ನ ಎಡಕ್ಕಾ, ಅದರ ಎಡಕ್ಕಾ?'

ಪಕ್ಕದ ಬೆಂಚಿನವರು ಕತ್ತು ತಿರುಗಿಸುತ್ತಾರೆ. 1995ರಲ್ಲಿ ಬಂದ ಸ್ಟಾರ್ಟ್ ಗುಂಡಿ, ನಡುವೆ ವಿಂಡೋಸ್ 8ರಲ್ಲಿ ಮಾಯವಾದದ್ದು ಬಿಟ್ಟರೆ, ಆ ಮೂಲೆಯಲ್ಲೇ ಇತ್ತು. ಹೇಳೀ ಹೇಳೀ ಜನಕ್ಕೆ ಎಡಬಲ ಅಭ್ಯಾಸವಾಗುವ ಹೊತ್ತಿಗೆ, 2021ರಲ್ಲಿ ಬಂದ ವಿಂಡೋಸ್ 11 ಅದನ್ನು ನಡುವಿಗೆ ತಂದು ಕೂರಿಸಿತು. ಇದರ ಅಗತ್ಯವೇನಿತ್ತೋ ದೇವರೇ ಬಲ್ಲ.

ಅಜ್ಜಂಪುರದ ಮಾವನವರದು ಡೆಸ್ಕ್‌ಟಾಪ್. ಹಬ್ಬಕ್ಕೆ ಹೋದರೆ ಹೋಳಿಗೆಯ ಎರಡನೇ ಸುತ್ತಿಗೇ 'ಅಳಿಯಂದ್ರೇ, ಹಂಗೇ ಒಂದ್ಸಲ ಅದನ್ನ ನೋಡ್ಬಿಡಿ' ಎನ್ನುತ್ತಾರೆ. ಕಳೆದ ಸಲ ಆನ್ ಮಾಡಿದರೆ ತೆರೆ ಕಪ್ಪು, ಒಳಗಿನಿಂದ ಬೀಪ್ ಬೀಪ್ ಎಂಬ ನರಳಾಟ. ಪ್ಲಗ್ ಕಿತ್ತು, ಡಬ್ಬದ ಪಕ್ಕದ ತಗಡು ಬಿಚ್ಚಿದೆ. ಈರುಳ್ಳಿ ಸಿಪ್ಪೆ, ಸತ್ತ ಹಲ್ಲಿ, ಬೆರಳು ದಪ್ಪ ಧೂಳು. ರ‍್ಯಾಮ್ ಪಟ್ಟಿಯ ಎರಡೂ ತುದಿಯ ಕೊಂಡಿ ಸರಿಸಿ ಮೇಲೆತ್ತಿದರೆ, ಅಂಚಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ಮೊಮ್ಮಗನ ಜಾಮಿಟ್ರಿ ಬಾಕ್ಸಿನಿಂದ ರಬ್ಬರ್ ತರಿಸಿ, ಪೆನ್ಸಿಲ್ ಗೀಟು ಅಳಿಸುವ ಹಾಗೆ ಎರಡೂ ಮಗ್ಗುಲು ಉಜ್ಜಿ, ಪುಡಿ ಊದಿ, ಮತ್ತೆ ಒತ್ತಿದೆ. ಟಿಕ್, ಟಿಕ್. ನಾನು ಸ್ವಿಚ್ ಒತ್ತುವುದಕ್ಕೂ ಮಾವ ಬಂದು ಡಬ್ಬದ ಬೆನ್ನಿಗೆ ಫಟ್ಟನೆ ಒಂದು ಬಿಡುವುದಕ್ಕೂ ಸರಿಹೋಯಿತು. ಗಣಕ ಎದ್ದು ಕೂತಿತು. ಅವರೂರಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಹೈದರ್, ಟಿಪ್ಪು ಕಾಲದಲ್ಲಿ ತೋಪು ಎಳೆದ ದನಗಳ ಸಂತತಿ ಅದು, ಹಟಕ್ಕೆ ಹೆಸರುವಾಸಿ. 'ಅಂಥಾ ಹೋರಿಗಳನ್ನೇ ಎಬ್ಬಿಸಿದ ಕೈ ಇದು' ಎಂದರು ಮಾವ. ರಬ್ಬರಿನ ವಿಷಯ ನಾನು ಎತ್ತಲಿಲ್ಲ. ಊರಿಗೆಲ್ಲ ಈಗ ಏಟಿನ ಚಿಕಿತ್ಸೆಯೇ ಪ್ರಚಾರದಲ್ಲಿದೆ.

ತರೀಕೆರೆಯ ಭಾವನವರು ಅಡಿಕೆ ವ್ಯಾಪಾರದವರು. ಅವರ ತೆರೆಯ ಮೇಲೆ ಕಲ್ಲತ್ತಿಗಿರಿ ಜಲಪಾತದ ಚಿತ್ರವಿದೆಯಂತೆ, ನಾನು ಕಂಡಿಲ್ಲ. ರಾಶಿ, ಬೆಟ್ಟೆ, ಗೊರಬಲು, ರಾಶಿ ಹೊಸದು, ರಾಶಿ ಹೊಸದು ಎರಡು ಎಂಬ ಎಕ್ಸೆಲ್ ಕಡತಗಳು ಅಂಚಿನಿಂದ ಅಂಚಿಗೆ ತುಂಬಿ, ಸಂದಿಯಲ್ಲಿ ಎಲ್ಲೋ ಒಂದೆಳೆ ನೀರು ಕಾಣುತ್ತದೆ. ಫೋಲ್ಡರ್ ಮಾಡಿ ಜೋಡಿಸುವುದನ್ನು ಕಲಿಸಲು ಹೋದೆ. ಭಾವ ಅರ್ಧಕ್ಕೇ ಕೈ ಎತ್ತಿದರು: 'ನೀನಿರುವಾಗ ನಾನ್ಯಾಕೆ ಕಲೀಬೇಕು ಮಾರಾಯ?' ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕಲಿತುಬಿಟ್ಟರೆ ಭಾನುವಾರ ಅಲ್ಲಿಗೆ ಹೋಗಲು ನೆಪ ಬೇಕಲ್ಲ ಎಂಬುದೂ ಹೊಳೆಯಿತು.

ಈಚೆಗೆ ಕಾಯಿಲೆಗಳು ಮೊಬೈಲಿಗೆ ವಲಸೆ ಹೋಗಿವೆ. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಎಂದು ಎಪಿಕೆ ಕಡತ ಬರುತ್ತದೆ. ಅದನ್ನು ಒತ್ತಿ, ಕೇಳಿದ್ದಕ್ಕೆಲ್ಲ ಓಕೆ ಕೊಟ್ಟರೆ ಮೊಬೈಲಿಗೆ ಕಳ್ಳ ತಂತ್ರಾಂಶ ಇಳಿದು, ಒಟಿಪಿ ಕದ್ದು ಬ್ಯಾಂಕಿನ ಖಾತೆ ಬರಿದು ಮಾಡುತ್ತದೆ. ಕರೆದವರ ಮದುವೆಗೆ ಹೋಗದಿದ್ದರೆ ತಪ್ಪಾದೀತೆಂದು ನಂಬುವ ಊರುಗಳಲ್ಲಿ ಇದಕ್ಕಿಂತ ಒಳ್ಳೆಯ ಗಾಳ ಇನ್ನೊಂದಿಲ್ಲ. 'ಯಾರ ಮದುವೆ ಅಂತ ಗೊತ್ತಾಗ್ಲಿಲ್ಲ, ನೋಡೋಣ ಅಂತ ಒತ್ತಿದೆ' ಎನ್ನುವವರಿಗೆ ಬೈಯಲು ಬಾಯಿ ಬರುವುದಿಲ್ಲ. ಮೊದಲು ಇಂಟರ್ನೆಟ್ ಆಫ್ ಮಾಡಿಸಿ, ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿಸುತ್ತೇನೆ. ಅಷ್ಟು ಹೊತ್ತೂ ನನ್ನ ಹಾಸ್ಯವೆಲ್ಲ ಬಂದ್.

ಈ ಕಾಯಿಲೆಗಳಿಗೆ ನನಗಿಂತ ಚುರುಕಾದ ವೈದ್ಯೆ ಅಕ್ಕನ ಮಗಳು. ಪಿಯುಸಿ ಓದುತ್ತಾಳೆ. ಮೊನ್ನೆ ಭಾವನ ಕಂಪ್ಯೂಟರ್ ಕೈಕೊಟ್ಟಾಗ ನಾನು ಕಡೂರಿನಿಂದ ಬಸ್ಸು ಹತ್ತುವುದರೊಳಗೆ ಸರಿಮಾಡಿ ಮುಗಿಸಿದ್ದಳು. ಕಾಫಿ ಕೂಡ ಕೇಳಲಿಲ್ಲವಂತೆ. ಭಾವ ಫೋನ್ ಮಾಡಿದರು. 'ಅವಳು ಸರಿ ಮಾಡಿದ್ದಾಳೆ. ಆದ್ರೂ ನೀನೊಂದ್ಸಲ ಬಂದು, ಸರಿಯಾಗಿದೆಯಾ ನೋಡ್ಕೊಂಡು ಹೋಗು.'

ಹಿಂದಿನಿಂದ ಅವಳ ದನಿ ಕೇಳಿಸಿತು. 'ಮಾವ, ಇಲ್ಲಿ ನೋಡೋಕೇನೂ ಇಲ್ಲ. ಅಮ್ಮ ಕಡುಬಿಗೆ ಇಟ್ಟಿದಾಳೆ, ಬೇಗ ಬನ್ನಿ.'