ಜಂಗಮ ಕುಕ್ಕುಟಾಂಗಣ ಮೀಮಾಂಸೆ

ಮೀಮಾಂಸಕರ ಪದ್ಧತಿಯಂತೆ ಈ ಅಧಿಕರಣಕ್ಕೆ ಐದು ಅಂಗ. ಐದೂ ಕೋಳಿಗೆ ಸಂಬಂಧಪಟ್ಟವೇ ಆದರೂ ಕೋಳಿಗಳ ಅಭಿಪ್ರಾಯ ಪಡೆದಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಕ್ರಮ ಲೋಕದಲ್ಲೇ ಇಲ್ಲದಿರುವಾಗ ಶಾಸ್ತ್ರದಲ್ಲಿ ಎಲ್ಲಿಂದ ಬರಬೇಕು?

ವಿಷಯ: ತೀರ್ಥಹಳ್ಳಿ ಸೀಮೆಯ ಒಂದು ಹಿತ್ತಿಲು, ಮೂರು ಹೇಂಟೆ, ಆಷಾಢದ ಮಳೆ. ರಾತ್ರಿಗೆ ಗೂಡಿದೆ, ಹಗಲಿಗೆ ಬೇಕಾದದ್ದು ಅಂಗಣ. ಹೇಂಟೆಗೆ 10 ಚದರ ಅಡಿಯಂತೆ 8 ಅಡಿ ಉದ್ದ, 4 ಅಡಿ ಅಗಲ. ಮಿಕ್ಕ 2 ಚದರ ಅಡಿ ನೀರಿನ ಬೋಗುಣಿಗೂ ಅದನ್ನು ಮಗುಚುವ ಹೇಂಟೆಗೂ ಸಲ್ಲತಕ್ಕದ್ದು.

ಸಂಶಯ: ಈ ಅಂಗಣ ಸ್ಥಾವರವೋ ಜಂಗಮವೋ? 12ನೇ ಶತಮಾನದ ಕಲ್ಯಾಣದಲ್ಲೇ ಈ ವಿವಾದ ತೀರಿತೆಂದು ಪಂಡಿತರು ನಂಬಿದ್ದಾರೆ. ಕೋಳಿಗಳ ಮಟ್ಟಿಗೆ ಅದಿನ್ನೂ ತೀರಿಲ್ಲ.

ಪೂರ್ವಪಕ್ಷ: ಸ್ಥಾವರವಾದಿಗಳ ವಾದ ಹೀಗಿದೆ: ಕಂಬ ಹೂಳಿ, ಬಲೆಯನ್ನೂ ಒಂದಡಿ ಹೂಳಿದರೆ ಮುಂಗುಸಿ ತೋಡಿ ಬರಲಾರದು. ಹೂಳಿದ್ದು ಕದಲದು, ಕದಲುವುದನ್ನು ಹೂಳಲಾಗದು. ತರ್ಕದಲ್ಲಿ ದೋಷವಿಲ್ಲ, ದೋಷವಿರುವುದು ನೆಲದಲ್ಲಿ. ಹೇಂಟೆಗಳು ಕೆದಕಿದ ಕಡೆ ಹುಲ್ಲು ಹೋಗುತ್ತದೆ, ಮಳೆಗೆ ಕೆಸರಾಗುತ್ತದೆ. ಹಿಕ್ಕೆಯೊಡನೆ ಬಿದ್ದ ಕಾಕ್ಸಿಡಿಯ ಜೀವಿ ತೇವ ಸಿಕ್ಕರೆ ಒಂದೆರಡು ದಿನದಲ್ಲೇ ಸೋಂಕು ಹರಡುವಷ್ಟು ಬಲಿಯುತ್ತದೆ. ಬಲಿಯುವ ಮೊದಲೇ ಜಾಗ ಖಾಲಿ ಮಾಡುವುದು ಜಾಣತನ. ಆದ್ದರಿಂದ ದಿನಕ್ಕೊಂದು ಪ್ರಯಾಣ.

ಮಂಕರಿ ಸಂಪ್ರದಾಯದವರು ಇದನ್ನು ಎಂದೋ ಕಂಡುಕೊಂಡಿದ್ದರು: ಬಿದಿರ ಮಂಕರಿ ಕವುಚುವುದು, ಮೇಲೊಂದು ಕಲ್ಲು ಹೇರುವುದು, ನಾಳೆ ಬೇರೆ ಕಡೆ ಕವುಚುವುದು. ಸುಗ್ಗಿಯ ಬಿಸಿಲಿಗೆ ಇದಕ್ಕಿಂತ ಉತ್ತಮ ದರ್ಶನವಿಲ್ಲ. ಮಳೆಯಲ್ಲಿ ಮಾತ್ರ ಕೋಳಿ ನೆನೆಯುತ್ತದೆ. ಕರ್ತೃವಿನ ಹೆಸರು ತಿಳಿಯದ ಕಾರಣ ವಿದ್ವಾಂಸರು ಈ ಮತವನ್ನು ಉದ್ಧರಿಸುವುದಿಲ್ಲ.

ಸಿದ್ಧಾಂತ: ಅಂಗಣ ಜಂಗಮವೇ, ಆದರೆ ಉಪಾಧಿಗಳಿವೆ.

1. ಹಳೆ ಸೈಕಲ್ಲಿನ ಎರಡು ಚಕ್ರಗಳನ್ನು ಒಂದೇ ತುದಿಗೆ ಕಟ್ಟಬೇಕು. ಇನ್ನೊಂದು ತುದಿ ಎತ್ತಿದಾಗಲಷ್ಟೇ ಅವು ನೆಲ ಮುಟ್ಟಬೇಕು. ಸದಾ ಚಕ್ರದ ಮೇಲೆ ನಿಂತ ಚೌಕಟ್ಟಿನಡಿ ಮುಂಗುಸಿಗೆ ರಾಜಮಾರ್ಗ.

2. ಎಳೆಯುವವರು ಬಸವನಹುಳದ ವೇಗ ಮೀರಬಾರದು. ಹಿಂದಿನ ಪಟ್ಟಿಯಡಿ ಸಿಕ್ಕುವ ಬೆರಳು ಕೋಳಿಯದಾದರೂ ಕೂಗು ಕೇಳುವುದು ಇಡೀ ಕೇರಿಗೆ.

3. ಕೋಳಿ ಬಲೆಯೆಂದು ಅಂಗಡಿಯಲ್ಲಿ ಕೊಡುವ ಆರು ಮೂಲೆಯ ಬಲೆ ಕೋಳಿಯನ್ನು ಒಳಗಿಡುತ್ತದೆ, ಶತ್ರುವನ್ನು ಹೊರಗಿಡುವ ಭರವಸೆ ಕೊಡುವುದಿಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ಶೇ ಪ್ರಮಾಣ.

4. ಹೂಳಲಾಗದ ಬಲೆಯನ್ನು ಹಾಸಬಹುದು. ಸುತ್ತಲೂ ಒಂದಡಿ ಅಗಲದ ಅಂಚನ್ನು ಕೀಲಿನಲ್ಲಿ ಜೋಡಿಸಿ, ನೆಲದ ಮೇಲೆ ಚಾಚಿ, ಕಲ್ಲು ಹೇರಬೇಕು. ಗೋಡೆಯ ಬುಡದಲ್ಲೇ ತೋಡುವ ಪ್ರಾಣಿ ಒಂದಡಿ ಹಿಂದೆ ಸರಿದು ಯೋಚಿಸುವುದಿಲ್ಲ. ಪೂರ್ವಪಕ್ಷ ಇಲ್ಲಿಗೆ ನಿರಸ್ತ.

5. ಮಾಡು ಒಂದು ಕಡೆಗೆ ಇಳಿಜಾರಾಗಿರಲಿ. ಸಪಾಟಾದ ಟಾರ್ಪಾಲು ನೀರು ತುಂಬಿ ಹೊಟ್ಟೆ ಬಿಡುತ್ತದೆ. ಎರಚಲು ಹೊಡೆಯುವ ಪಡುವಣ ಬದಿಗೆ ಸೋಗೆ ತಟ್ಟಿ. ಉಳಿದ ಕಡೆ ಗಾಳಿಯಾಡಲಿ. ನಾಲ್ಕೂ ಬದಿ ಮುಚ್ಚಿದರೆ ಮಳೆ ಹೊರಗುಳಿದರೂ ಥಂಡಿ ಒಳಗುಳಿಯುತ್ತದೆ. ಗಾಳಿಗೆ ಅಂಗಣ ತಾನಾಗಿಯೇ ಜಂಗಮವಾಗದಂತೆ ಮೂಲೆಗೊಂದು ಗೂಟ.

ಈ ಸಿದ್ಧಾಂತದ ಬಾಹ್ಯ ಪರೀಕ್ಷಕರು ಮುಂಗುಸಿಯವರು. ಅವರು ಪೀಠಿಕೆ ಓದುವುದಿಲ್ಲ, ವಾದಸರಣಿಗೆ ತಲೆದೂಗುವುದಿಲ್ಲ. ನೆಲ ಉಬ್ಬುತಗ್ಗಾದ ಕಡೆ ಚೌಕಟ್ಟಿನಡಿ ಉಳಿದ ಸಂದನ್ನಷ್ಟೇ ನೋಡುತ್ತಾರೆ. ಮೌಖಿಕ ಪರೀಕ್ಷೆ ನಡೆಯುವುದು ಹಗಲು ಹೊತ್ತಿನಲ್ಲೇ, ಪೂರ್ವಸೂಚನೆಯಿಲ್ಲದೆ. ತಿದ್ದಿ ಮರುಸಲ್ಲಿಸಲು ಅವಕಾಶವಿದೆ. ಹೇಂಟೆಗಳ ಸಂಖ್ಯೆ ಮಾತ್ರ ಕಡಿಮೆಯಿರುತ್ತದೆ.

ಫಲಶ್ರುತಿ: ಈ ಅಧಿಕರಣವನ್ನು ಭಕ್ತಿಯಿಂದ ಓದಿದವರಿಗೆ ಜ್ಞಾನ ಲಭಿಸುತ್ತದೆ. ಓದದಿದ್ದರೂ ಮುಸ್ಸಂಜೆಗೆ ಮುಂಚೆ ಕೋಳಿಗಳನ್ನು ಗೂಡಿಗೆ ಸೇರಿಸಿ ಅಗುಳಿ ಹಾಕಿದವರಿಗೆ ಮೊಟ್ಟೆ.